ಪಿತ್ತಕೋಶ ತೆಗೆದ ಮೇಲೂ ಹೊಟ್ಟೆ ಸರಿಹೋಗಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ಒಂಬತ್ತು ತಿಂಗಳ ಹಿಂದೆ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಲ್ಯಾಪರೋಸ್ಕೋಪಿ ಮಾಡಿ ಪಿತ್ತಕೋಶ ತೆಗೆದರು. ಮೊದಲು ರಾತ್ರಿ ಹೊತ್ತು ಬರುತ್ತಿದ್ದ ಜೀವ ಹಿಂಡುವ ನೋವು ಆಮೇಲೆ ಒಂದು ಸಲವೂ ಬಂದಿಲ್ಲ. ಆದರೆ ಹೊಸ ತಾಪತ್ರಯ ಶುರುವಾಗಿದೆ. ಬೆಳಗ್ಗೆ ತಿಂಡಿ ತಿಂದು ಅರ್ಧ ಗಂಟೆಯೊಳಗೆ ಟಾಯ್ಲೆಟ್‌ಗೆ ಓಡಬೇಕು. ಹಳದಿ ಬಣ್ಣದ, ನೀರು ನೀರಾದ ಮಲ. ಜೊತೆಗೆ ಉರಿ. ದಿನಕ್ಕೆ ನಾಲ್ಕೈದು ಸಲ ಆಗುವುದೂ ಇದೆ. ಹೊಟ್ಟೆ ಉಬ್ಬರ, ಹುಳಿತೇಗು ಆಪರೇಷನ್‌ಗೆ ಮುಂಚೆಯೂ ಇತ್ತು, ಈಗಲೂ ಇದೆ. ಭಯಕ್ಕೆ ಎಣ್ಣೆ, ಬೆಣ್ಣೆ ಪೂರ್ತಿ ಬಿಟ್ಟಿದ್ದೇನೆ. ಐದು ಕಿಲೋ ಇಳಿದಿದ್ದೇನೆ. ಸ್ಕ್ಯಾನಿಂಗ್‌ನಲ್ಲಿ ‘ಪಿತ್ತನಾಳ 8 ಮಿಲಿಮೀಟರ್, ಸ್ವಲ್ಪ ಹಿಗ್ಗಿದೆ’ ಅಂತ ಬಂತು. ಲಿವರ್ ಟೆಸ್ಟ್ ನಾರ್ಮಲ್. ಡಾಕ್ಟರು ‘ಗ್ಯಾಸ್ ಅಷ್ಟೆ, ಅಭ್ಯಾಸ ಆಗುತ್ತೆ’ ಎಂದರು. ಪರಿಚಯದವರು ‘ಪಿತ್ತಕೋಶ ಇಲ್ಲದವರಿಗೆ ಜೀವನಪೂರ್ತಿ ಹೀಗೇ’ ಅನ್ನುತ್ತಾರೆ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಲಿವರ್ ಶುದ್ಧಿ ಮಾಡಿಕೊಳ್ಳಿ ಅಂತ ಒಬ್ಬರು ಹೇಳಿದ್ದಾರೆ. ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಬಸ್ಸು ಹತ್ತಲು ಹೆದರಿಕೆ. ಆಪರೇಷನ್ ಮಾಡಿಸಿದ್ದೇ ತಪ್ಪಾಯಿತಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲ, ತಪ್ಪಾಗಿಲ್ಲ. ರಾತ್ರಿ ಎದ್ದು ಕೂರಿಸುತ್ತಿದ್ದ ಆ ನೋವು ಕಲ್ಲಿನದ್ದು. ಅದು ಹೋಗಿದೆ. ಕಲ್ಲು ನೋವು ಕೊಡಲು ಶುರು ಮಾಡಿದ ಮೇಲೆ ಪಿತ್ತಕೋಶವನ್ನು ಹಾಗೇ ಬಿಟ್ಟರೆ ಅದು ಊದಿಕೊಳ್ಳಬಹುದು, ಕಲ್ಲು ಜಾರಿ ನಾಳಕ್ಕೆ ಅಡ್ಡ ಕೂತು ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿಯೇ ಉರಿಯೂತಕ್ಕೆ ಬೀಳಬಹುದು. ಆ ಅಪಾಯ ಈಗ ಬಹುಮಟ್ಟಿಗೆ ದೂರವಾಗಿದೆ.

ಆದರೆ ‘ಗ್ಯಾಸ್ ಅಷ್ಟೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಉಬ್ಬರ, ಹುಳಿತೇಗು ಮುಂಚೆಯೂ ಇತ್ತು ಅಂದಿದ್ದೀರಿ. ಭೇದಿ ಮಾತ್ರ ಆಪರೇಷನ್ ಆದ ಮೇಲೆ ಬಂದದ್ದು. ಇವೆರಡನ್ನೂ ಒಂದೇ ಕಾಯಿಲೆ ಅಂತ ನೋಡಬೇಡಿ. ಎರಡಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಪಿತ್ತಕೋಶ ತೆಗೆಸಿಕೊಂಡು ತಿಂಗಳುಗಟ್ಟಲೆ ಒದ್ದಾಡುವವರ ಹತ್ತಿರ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ಈ ತೊಂದರೆ ಹಳೆಯದಾ, ಹೊಸದಾ? ನೀವು ಕೇಳುವ ಮೊದಲೇ ಹೇಳಿದ್ದೀರಿ.

ಪಿತ್ತಕೋಶ ಇಲ್ಲದಿದ್ದರೆ ಒಳಗೆ ಏನಾಗುತ್ತದೆ?

ಪಿತ್ತರಸ ತಯಾರಾಗುವುದು ಪಿತ್ತಕೋಶದಲ್ಲಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ. ಪಿತ್ತಕೋಶ ಹಿಡಿಸುವುದು 30ರಿಂದ 50 ಮಿಲಿಲೀಟರ್ ಮಾತ್ರ. ಬಂದ ರಸದಲ್ಲಿನ ನೀರು ಹೀರಿ, ಗಟ್ಟಿ ಮಾಡಿ, ಜಿಡ್ಡಿನ ಊಟ ಹೊಟ್ಟೆಗೆ ಬಿದ್ದಾಗ ಹಿಂಡಿ ಹೊರಹಾಕುವುದು ಅದರ ಕೆಲಸ. ಅದನ್ನು ತೆಗೆದರೆ ಲಿವರ್ ಸೊರಗುವುದಿಲ್ಲ, ರಸ ಕಡಿಮೆಯಾಗುವುದೂ ಇಲ್ಲ. ಕೂಡಿಟ್ಟು ಒಮ್ಮೆಲೇ ಬಿಡುವ ಬದಲು ಹಗಲೂ ರಾತ್ರಿ ಸಣ್ಣಗೆ ಕರುಳಿಗೆ ಹರಿಯುತ್ತಿರುತ್ತದೆ, ಅಷ್ಟೆ. ಬಹಳಷ್ಟು ಜನರಿಗೆ ಜಿಡ್ಡು ಕರಗಿಸಲು ಇಷ್ಟೇ ಸಾಕು. ಕುದುರೆಗೆ, ಇಲಿಗೆ ಪಿತ್ತಕೋಶವೇ ಇಲ್ಲ. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಎಂಬ ಸರ್ಜನ್ ಮೊದಲ ಸಲ ಈ ಆಪರೇಷನ್ ಮಾಡಿದರು. ವರ್ಷಗಟ್ಟಲೆ ನೋವು ತಿಂದಿದ್ದ ಆ ರೋಗಿ ಗುಣವಾಗಿ ಮನೆಗೆ ಹೋದರು. ಪಿತ್ತಕೋಶ ಇಲ್ಲದೆಯೂ ಮನುಷ್ಯ ಚೆನ್ನಾಗಿಯೇ ಬದುಕುತ್ತಾನೆ ಅನ್ನುವುದು ಹೊಸ ವಿಷಯವೇನಲ್ಲ.

ಹಾಗಾದರೆ ಭೇದಿ ಯಾಕೆ? ಪಿತ್ತರಸದಲ್ಲಿ ಪಿತ್ತಾಮ್ಲ ಅನ್ನುವ ಪದಾರ್ಥ ಇರುತ್ತದೆ. ಜಿಡ್ಡನ್ನು ಕರಗಿಸುವುದು ಅದೇ. ಕೆಲಸ ಮುಗಿದ ಮೇಲೆ ಅದರಲ್ಲಿ ಶೇಕಡಾ 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ವಾಪಸ್ ಹೀರಿಕೊಂಡು ಲಿವರ್‌ಗೆ ಕಳಿಸುತ್ತದೆ. ಒಂದೇ ಸರಕು ದಿನಕ್ಕೆ ಹಲವು ಸುತ್ತು ಹಾಕುತ್ತದೆ. ಪಿತ್ತಕೋಶ ಇಲ್ಲದಾಗ ಈ ಸುತ್ತಾಟ ರಾತ್ರಿ ಹೊಟ್ಟೆ ಖಾಲಿ ಇದ್ದಾಗಲೂ ನಿಲ್ಲುವುದಿಲ್ಲ. ಕೆಲವರಲ್ಲಿ ಸಣ್ಣ ಕರುಳು ಅಷ್ಟನ್ನೂ ಹೀರಿಕೊಳ್ಳಲಾರದು. ಉಳಿದದ್ದು ದೊಡ್ಡ ಕರುಳಿಗೆ ದಾಟುತ್ತದೆ. ಅಲ್ಲಿ ಅದು ಕೆರಳಿಸುತ್ತದೆ: ಕರುಳಿನ ಗೋಡೆ ನೀರು ಬಿಡುತ್ತದೆ, ಚಲನೆ ಜೋರಾಗುತ್ತದೆ. ಬೆಳಗ್ಗೆ ಮೊದಲ ತುತ್ತು ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಹೇಗೂ ಒಮ್ಮೆ ಹಿಂಡಿಕೊಳ್ಳುತ್ತದೆ. ಅದು ಎಲ್ಲರಿಗೂ ಇರುವ ಸಹಜ ಕ್ರಿಯೆ. ಅದರ ಮೇಲೆ ಇದೂ ಸೇರಿಕೊಂಡರೆ ತಡೆಯಲಾಗದ ಅವಸರ. ಹಳದಿ ನೀರು, ಉರಿ, ತಿಂಡಿಯಾದ ಅರ್ಧ ಗಂಟೆಗೆ ಓಟ. ನಿಮ್ಮ ವಿವರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇದಕ್ಕೆ ಪಿತ್ತಾಮ್ಲದ ಭೇದಿ ಅನ್ನುತ್ತಾರೆ. ಆಪರೇಷನ್ ಆದ ಹೆಚ್ಚಿನವರಿಗೆ ಇದು ಬರುವುದಿಲ್ಲ. ಬಂದವರಲ್ಲೂ ಬಹಳ ಜನಕ್ಕೆ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ಒಂಬತ್ತು ತಿಂಗಳಾದರೂ ತಗ್ಗಿಲ್ಲ ಅಂದರೆ ಸುಮ್ನೆ ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಇದನ್ನು ಪತ್ತೆ ಮಾಡಲು ಪರೀಕ್ಷೆಗಳಿವೆ. ಸೆಹ್‌ಕ್ಯಾಟ್ ಅನ್ನುವ ಒಂದು ಸ್ಕ್ಯಾನ್ ಇದೆ: ಪಿತ್ತಾಮ್ಲದಂಥ ಪದಾರ್ಥ ಇರುವ ಒಂದು ಕ್ಯಾಪ್ಸೂಲ್ ನುಂಗಿಸಿ, ಏಳು ದಿನದ ನಂತರ ಅದರಲ್ಲಿ ಎಷ್ಟು ದೇಹದಲ್ಲಿ ಉಳಿದಿದೆ ಎಂದು ಅಳೆಯುತ್ತಾರೆ. ಶೇಕಡಾ 15ಕ್ಕಿಂತ ಕಡಿಮೆ ಉಳಿದಿದ್ದರೆ ಪಿತ್ತಾಮ್ಲ ಸೋರಿ ಹೋಗುತ್ತಿದೆ ಅಂತ ಲೆಕ್ಕ. ಆದರೆ ಇದು ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಸಿಗದ ಕಡೆ ವೈದ್ಯರು ಔಷಧಿಯನ್ನೇ ಕೆಲವು ದಿನ ಕೊಟ್ಟು ನೋಡುತ್ತಾರೆ. ಭೇದಿ ನಿಂತರೆ ಅದೇ ಉತ್ತರ.

ಔಷಧಿ, ಮತ್ತು ನಿಮ್ಮ ಥೈರಾಯ್ಡ್ ಮಾತ್ರೆ

ಆ ಔಷಧಿಯ ಹೆಸರು ಕೊಲೆಸ್ಟೈರಮಿನ್. ಪುಡಿ ರೂಪದಲ್ಲಿ ಬರುತ್ತದೆ. ಮೂಲತಃ ಕೊಲೆಸ್ಟ್ರಾಲ್ ಇಳಿಸಲು ಬಂದದ್ದು. ರಕ್ತಕ್ಕೆ ಸೇರುವುದಿಲ್ಲ. ಕರುಳಿನಲ್ಲೇ ಪಿತ್ತಾಮ್ಲವನ್ನು ಕಚ್ಚಿ ಹಿಡಿದು ಮಲದ ಜೊತೆ ಹೊರಹೋಗುತ್ತದೆ. ಸಾಮಾನ್ಯವಾಗಿ 4 ಗ್ರಾಂನ ಒಂದು ಪ್ಯಾಕೆಟ್‌ನಿಂದ, ಕೆಲವೊಮ್ಮೆ ಅರ್ಧದಿಂದಲೇ ಶುರು ಮಾಡಿ ನಿಧಾನಕ್ಕೆ ಏರಿಸುತ್ತೇವೆ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಳ್ಳಬಾರದು, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿಗೋ ಹಣ್ಣಿನ ರಸಕ್ಕೋ ಹಾಕಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕಲಕಿ ಕುಡಿಯಬೇಕು. ಬಾಯಿಗೆ ಮರಳು ಮರಳು ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ, ಇದನ್ನು ಅರ್ಧಕ್ಕೇ ಬಿಡುವವರು ಹೆಚ್ಚಾಗಿ ಬಿಡುವುದು ಈ ರುಚಿಗೇ. ಅಂಥವರಿಗೆ ಇದೇ ಗುಂಪಿನ ಕೋಲೆಸೆವೆಲಮ್ ಮಾತ್ರೆ ಇದೆ. ನುಂಗುವುದು ಸುಲಭ.

ತೊಂದರೆಗಳೂ ಇವೆ. ಪ್ರಮಾಣ ಜಾಸ್ತಿಯಾದರೆ ಭೇದಿ ಹೋಗಿ ಮಲಬದ್ಧತೆ ಬರುತ್ತದೆ, ಉಬ್ಬರ ಹೆಚ್ಚಬಹುದು. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ತುಂಬಾ ಜಾಸ್ತಿ ಇರುವವರಿಗೆ ಇದು ಸರಿಹೊಂದುವುದಿಲ್ಲ. ವರ್ಷಗಟ್ಟಲೆ ತೆಗೆದುಕೊಂಡರೆ ಎ, ಡಿ, ಇ, ಕೆ ವಿಟಮಿನ್‌ಗಳು ಕಡಿಮೆಯಾಗಬಹುದು, ಆಗಾಗ ನೋಡಿಕೊಳ್ಳಬೇಕು.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಈ ಪುಡಿ ಪಿತ್ತಾಮ್ಲವನ್ನು ಹಿಡಿಯುವಂತೆಯೇ ಬೇರೆ ಔಷಧಿಗಳನ್ನೂ ಹಿಡಿದು ಹೊರಹಾಕುತ್ತದೆ. ಥೈರಾಯ್ಡ್ ಮಾತ್ರೆ ಆ ಪಟ್ಟಿಯಲ್ಲಿ ಮೇಲಿದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆಗಳೂ ಇವೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ರಾತ್ರಿ ಊಟದ ಹೊತ್ತಿಗೆ ಈ ಪುಡಿ ಎಂದು ಇಟ್ಟುಕೊಂಡರೆ ಎರಡೂ ಜಗಳವಾಡುವುದಿಲ್ಲ. ಬೆಳಗಿನ ಓಟಕ್ಕೂ ರಾತ್ರಿಯ ಡೋಸೇ ಹೆಚ್ಚು ಉಪಯೋಗ. ಶುರು ಮಾಡಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ.

ಇನ್ನೂ ಒಂದು ಮಾತು. ಪುಡಿ ಶುರು ಮಾಡುವ ಮುಂಚೆಯೇ ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಾಗಿದ್ದರೂ ಭೇದಿ ಆಗುತ್ತದೆ, ತೂಕ ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಿತ್ತಕೋಶ ತೆಗೆದವರಿಗೆ ಏನೇ ಬಂದರೂ ಪಿತ್ತಕೋಶದ ತಲೆಗೇ ಕಟ್ಟುವ ಅಭ್ಯಾಸ ರೋಗಿಗಳಿಗೂ ಇದೆ, ನಮಗೂ ಇದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಮೆಗ್ನೀಷಿಯಂ ಇರುವ ಆಂಟಾಸಿಡ್, ಹಾಲು ಜೀರ್ಣವಾಗದಿರುವುದು, ಗೋಧಿಯಿಂದ ಬರುವ ಸೀಲಿಯಾಕ್ ಕಾಯಿಲೆ, ಇವೆಲ್ಲ ಇದೇ ಥರದ ಭೇದಿ ತರಬಲ್ಲವು. ನಡುವಯಸ್ಸಿನ ಹೆಂಗಸರಲ್ಲಿ ಕಾಣುವ ಒಂದು ದೊಡ್ಡ ಕರುಳಿನ ಉರಿಯೂತವಿದೆ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವಾಗ, ಕರುಳು ಚೆನ್ನಾಗಿಯೇ ಕಾಣುತ್ತದೆ. ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಪುಡಿ ತೆಗೆದುಕೊಂಡು ಎರಡು ಮೂರು ವಾರವಾದರೂ ಏನೂ ಫರಕು ಕಾಣದಿದ್ದರೆ ಡೋಸ್ ಏರಿಸುತ್ತಾ ಹೋಗುವ ಬದಲು ಇವುಗಳ ಕಡೆ ನೋಡಬೇಕು.

ಹಳೆಯ ಉಬ್ಬರ, ಹುಳಿತೇಗು

ಇದರ ಬಗ್ಗೆ ಆಪರೇಷನ್‌ಗೆ ಮುಂಚೆಯೇ ನಿಮಗೆ ಬಿಡಿಸಿ ಹೇಳಬೇಕಿತ್ತು. ಕಲ್ಲಿನ ನೋವಿಗೆ ಒಂದು ಗುರುತು ಇದೆ: ಹೊಟ್ಟೆಯ ಮೇಲ್ಭಾಗದಲ್ಲೋ ಬಲಗಡೆ ಪಕ್ಕೆಯ ಕೆಳಗೋ ಏರಿ, ಅರ್ಧ ಗಂಟೆಯಿಂದ ಕೆಲವು ಗಂಟೆ ಬಿಡದೆ ಹಿಡಿದು, ಬೆನ್ನಿಗೋ ಬಲ ಭುಜಕ್ಕೋ ಹಬ್ಬಿ, ಆಮೇಲೆ ಪೂರ್ತಿ ಬಿಡುತ್ತದೆ. ಆಪರೇಷನ್ ಕೈಹಿಡಿಯುವುದು ಈ ನೋವಿಗೆ. ಉಬ್ಬರ, ತೇಗು, ಎದೆ ಉರಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುವುದು, ಇವು ಕಲ್ಲಿಲ್ಲದವರಲ್ಲೂ ಅಷ್ಟೇ ಸಾಮಾನ್ಯ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಹಾಗಾಗಿ ಅವು ಪಿತ್ತಕೋಶದ ಜೊತೆ ಹೋಗುವುದೂ ಇಲ್ಲ.

ಹುಳಿತೇಗಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ಇದ್ದರೆ ಎರಡು ವಾರದ ಔಷಧಿ. ಇಲ್ಲದಿದ್ದರೆ ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ನಾಲ್ಕರಿಂದ ಎಂಟು ವಾರ ಕೊಟ್ಟು ನೋಡಬಹುದು. ಮಾತ್ರೆ ತೆಗೆದುಕೊಳ್ಳುತ್ತಾ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲ ಅಂತ ಬರಬಹುದು, ಆದ್ದರಿಂದ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ. ಕೆಲವರಿಗೆ ಪಿತ್ತರಸವೇ ಮೇಲಕ್ಕೆ ಜಠರಕ್ಕೆ ನುಗ್ಗಿ ಉರಿ ಕೊಡುತ್ತದೆ. ಮಾತ್ರೆಗೆ ಬಗ್ಗದ ಉರಿ, ಕಹಿಯಾದ ಹಸಿರು ಹಳದಿ ವಾಂತಿ ಇದ್ದರೆ ಎಂಡೋಸ್ಕೋಪಿ ಮಾಡಿ ನೋಡಬೇಕಾಗುತ್ತದೆ. ನೀವು ಬರೆದದ್ದರಲ್ಲಿ ಅಂಥದ್ದು ಕಾಣುವುದಿಲ್ಲ.

8 ಮಿಲಿಮೀಟರ್ ಪಿತ್ತನಾಳ

ಈ ಒಂದು ಸಾಲು ನಿಮ್ಮ ನಿದ್ದೆ ಕೆಡಿಸಿರಬೇಕು, ಅಲ್ವಾ? ಪಿತ್ತಕೋಶ ತೆಗೆದವರಲ್ಲಿ ನಾಳ ಸ್ವಲ್ಪ ಅಗಲವಾಗುವುದು ಸಾಮಾನ್ಯ. ಲಿವರ್ ಟೆಸ್ಟ್ ಸರಿ ಇದ್ದು, ಹಿಂಡುವ ನೋವೂ ಇಲ್ಲದಿದ್ದರೆ 10 ಮಿಲಿಮೀಟರ್‌ವರೆಗೆ ನಾವು ತಲೆಕೆಡಿಸಿಕೊಳ್ಳುವುದಿಲ್ಲ. ಪಿತ್ತಕೋಶ ಹೋದರೂ ನಾಳದಲ್ಲಿ ಕಲ್ಲು ಉಳಿದಿರಬಹುದು, ಅಪರೂಪಕ್ಕೆ ಹೊಸದಾಗಿ ಆಗಲೂಬಹುದು, ಅದು ನಿಜ. ಆದರೆ ಅಂಥ ಕಲ್ಲು ಭೇದಿ ತರುವುದಿಲ್ಲ. ನೋವು, ಕಾಮಾಲೆ, ಚಳಿಜ್ವರ ತರುತ್ತದೆ. ಅನುಮಾನ ಬಂದರೆ ಎಂಆರ್‌ಸಿಪಿ ಅನ್ನುವ ಸ್ಕ್ಯಾನ್ ಸಾಕು, ಸೂಜಿ ಕತ್ತರಿ ಏನೂ ಇಲ್ಲ.

ಯಾರಾದರೂ ‘ನಾಳದ ಬಾಯಿ ಬಿಗಿಯಾಗಿದೆ, ಇಆರ್‌ಸಿಪಿ ಮಾಡಿ ಕೊಯ್ದುಬಿಡೋಣ’ ಎಂದರೆ ಮಾತ್ರ ಅವಸರದಲ್ಲಿ ಒಪ್ಪಬೇಡಿ. ಇಆರ್‌ಸಿಪಿ ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ. ನಾಳದಲ್ಲಿ ಕಲ್ಲು ಕಂಡಾಗ ಅದು ಜೀವ ಉಳಿಸುವ ಚಿಕಿತ್ಸೆ. ಏನೂ ಕಾಣದೆ, ಬರೀ ನೋವಿದೆ ಎಂದು ಮಾಡುವಾಗ ಲೆಕ್ಕವೇ ಬೇರೆ. ಪಿತ್ತಕೋಶ ತೆಗೆದ ಮೇಲೂ ನೋವಿದ್ದ 214 ಜನರ ಮೇಲೆ ಅಮೆರಿಕದಲ್ಲಿ ನಡೆದ ಎಪಿಸಾಡ್ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಾಳದ ಬಾಯಿ ಕೊಯ್ದರು, ಕೆಲವರಿಗೆ ಕೊಯ್ದ ಹಾಗೆ ತೋರಿಸಿ ಬಿಟ್ಟರು. ಕೊಯ್ದವರಲ್ಲಿ ಶೇಕಡಾ 23 ಜನಕ್ಕೆ ಗುಣ ಕಂಡಿತು, ಕೊಯ್ಯದವರಲ್ಲಿ ಶೇಕಡಾ 37. ಇಆರ್‌ಸಿಪಿಯಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಬರುವ ಅಪಾಯವೂ ಇದೆ. ಭೇದಿಗಂತೂ ಇದು ಚಿಕಿತ್ಸೆಯೇ ಅಲ್ಲ.

ಊಟದ ವಿಷಯ

ಎಣ್ಣೆ, ಬೆಣ್ಣೆ ಪೂರ್ತಿ ಬಿಡುವ ಅಗತ್ಯ ಇಲ್ಲ. ಬಿಟ್ಟರೆ ಶಕ್ತಿ ಕುಗ್ಗುತ್ತದೆ, ಜಿಡ್ಡಿನಲ್ಲಿ ಕರಗುವ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ನಿಮ್ಮ ತೂಕ ಇಳಿದದ್ದರಲ್ಲಿ ಇದರ ಪಾಲೂ ಇರಬೇಕು. ಒಂದೇ ಊಟದಲ್ಲಿ ಜಿಡ್ಡು ಸುರಿದುಕೊಳ್ಳಬೇಡಿ, ದಿನದ ಎಲ್ಲ ಊಟಕ್ಕೂ ಸ್ವಲ್ಪ ಸ್ವಲ್ಪ ಹಂಚಿ. ಮೊದಲ ವಾರ ಪ್ರತಿ ಊಟಕ್ಕೆ ಒಂದು ಟೀ ಚಮಚ ಎಣ್ಣೆ ಸಾಕು. ಹೊಟ್ಟೆ ಒಪ್ಪಿದರೆ ಏರಿಸಿ. ಕರಿದದ್ದು, ಕೆನೆ, ಚೀಸ್ ಆಮೇಲೆ ನೋಡೋಣ. ಪಥ್ಯ ನಿಮ್ಮ ಹೊಟ್ಟೆ ಹೇಳಿದಷ್ಟು ಮಾತ್ರ, ಪಕ್ಕದವರ ಹೊಟ್ಟೆ ಹೇಳಿದಷ್ಟಲ್ಲ.

ತುಂಬಾ ಹೊತ್ತು ಹಸಿದಿರಬೇಡಿ. ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ ಮಾಡಿ. ನೀರಿನಲ್ಲಿ ಲೋಳೆಯಾಗುವ ನಾರಿನಂಶ ಕೂಡ ಪಿತ್ತಾಮ್ಲವನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ, ಮಲಕ್ಕೆ ಆಕಾರ ಕೊಡುತ್ತದೆ. ಓಟ್ಸ್, ಬಾರ್ಲಿ, ಸೇಬು, ಕ್ಯಾರೆಟ್‌ನಲ್ಲಿ ಇದು ಇದೆ. ಇಸಬ್‌ಗೋಲ್ ಆದರೆ ದಿನಕ್ಕೆ ಒಂದು ಚಮಚದಿಂದ ಶುರು ಮಾಡಿ, ಒಂದು ಲೋಟ ಪೂರ್ತಿ ನೀರಿನ ಜೊತೆ. ಒಮ್ಮೆಲೇ ಜಾಸ್ತಿ ಹಾಕಿದರೆ ಉಬ್ಬರ ಇನ್ನೂ ಹೆಚ್ಚುತ್ತದೆ. ಇದಕ್ಕೂ ಥೈರಾಯ್ಡ್ ಮಾತ್ರೆಗೂ ಅಂತರ ಇರಲಿ. ಖಾಲಿ ಹೊಟ್ಟೆಗೆ ಕಾಫಿ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಸಾರ್ಬಿಟಾಲ್ ಕೂಡ ಭೇದಿ ಮಾಡಿಸುತ್ತದೆ, ಇದು ಯಾರ ಗಮನಕ್ಕೂ ಬರುವುದಿಲ್ಲ. ಹಾಲನ್ನು ಎರಡು ವಾರ ನಿಲ್ಲಿಸಿ ನೋಡಿ. ಫರಕು ಇಲ್ಲದಿದ್ದರೆ ಮತ್ತೆ ಶುರು ಮಾಡಿ. ಸುಮ್ನೆ ಒಂದೊಂದೇ ಪದಾರ್ಥ ಬಿಡುತ್ತಾ ಹೋದರೆ ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಆಲಿವ್ ಎಣ್ಣೆ, ನಿಂಬೆರಸದ ಉಪಾಯ ಖಂಡಿತ ಬೇಡ. ಅದನ್ನು ಕುಡಿದವರು ಮರುದಿನ ಮಲದಲ್ಲಿ ಹಸಿರು ಉಂಡೆಗಳನ್ನು ನೋಡಿ ಕಲ್ಲು ಬಿತ್ತು ಅಂದುಕೊಳ್ಳುತ್ತಾರೆ. 2005ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಉಂಡೆಗಳ ಪರೀಕ್ಷೆಯ ವರದಿ ಬಂತು. ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ, ಪಿತ್ತರಸದ ಹಳದಿ ಬಣ್ಣವಾದ ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ. 40 ಡಿಗ್ರಿ ಬಿಸಿಗೆ ಕರಗಿ ಎಣ್ಣೆಯಾದವು. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಹೆಪ್ಪುಗಟ್ಟಿ ಹೊರಬಂದಿತ್ತು. ನಿಮಗಂತೂ ಪಿತ್ತಕೋಶವೇ ಇಲ್ಲ, ಒಂದೇ ಸಲ ಅಷ್ಟು ಎಣ್ಣೆ ಕುಡಿದರೆ ಭೇದಿ ಹೆಚ್ಚಾಗುವುದು ಮಾತ್ರ ಗ್ಯಾರಂಟಿ.

ಯಾವಾಗ ತಡಮಾಡಬಾರದು?

ಕಣ್ಣು ಹಳದಿಯಾದರೆ, ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿ ಮಲ ಬಿಳುಚಿಕೊಂಡರೆ, ನಡುಕ ಬಂದು ಜ್ವರ ಏರಿದರೆ, ಹಿಂದಿನಂಥ ಹಿಂಡುವ ನೋವು ಮತ್ತೆ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ನಿದ್ದೆಯಿಂದ ಎಬ್ಬಿಸುವ ಭೇದಿ, ಜಿಡ್ಡಾಗಿ ತೇಲಿ ನಾರುವ ಮಲ, ಇವು ಇದ್ದರೆ ಪಿತ್ತಾಮ್ಲದ ಭೇದಿ ಅಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಿಮ್ಮ ಐದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಎಣ್ಣೆ ಮತ್ತೆ ಶುರು ಮಾಡಿ ನಾಲ್ಕು ವಾರವಾದರೂ ತೂಕ ಇಳಿಯುತ್ತಲೇ ಇದ್ದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ಏನು ತಿಂದಿರಿ, ಎಷ್ಟು ಹೊತ್ತಿಗೆ ಹೋದಿರಿ, ಮಲ ಹೇಗಿತ್ತು, ರಾತ್ರಿ ಎದ್ದಿರಾ. ‘ಗ್ಯಾಸ್’ ಅನ್ನುವ ಪದ ನೀವಾಗಿ ಬಳಸಬೇಡಿ. ‘ಆಪರೇಷನ್ ಆದ ಮೇಲೆ ಶುರುವಾದ ಭೇದಿ, ಪಿತ್ತಾಮ್ಲದ್ದಿರಬಹುದಾ?’ ಎಂದು ನೇರವಾಗಿ ಕೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಸ್ಸಿನ ಭಯಕ್ಕೆ ಸದ್ಯಕ್ಕೊಂದು ಉಪಾಯ ಇದೆ. ಹೊರಡುವ ದಿನ ತಿಂಡಿಗೆ ಅರ್ಧ ಗಂಟೆ ಮುಂಚೆ ಲೋಪೆರಮೈಡ್ 2 ಮಿಲಿಗ್ರಾಂ ಮಾತ್ರೆ ಒಂದು ತೆಗೆದುಕೊಳ್ಳಬಹುದು. ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ನಿಮಗೆ ಇದು ಆಗುತ್ತದಾ ಅಂತ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ. ಜ್ವರ ಇದ್ದಾಗ, ಮಲದಲ್ಲಿ ರಕ್ತ ಇದ್ದಾಗ ಬೇಡ. ಹೇಳಿದ್ದಕ್ಕಿಂತ ಜಾಸ್ತಿ ನುಂಗಬೇಡಿ, ಮಿತಿಮೀರಿದರೆ ಹೃದಯದ ಬಡಿತ ಏರುಪೇರಾಗುತ್ತದೆ. ಪುಡಿ ಕೆಲಸ ಮಾಡಲು ಶುರುವಾದ ಮೇಲೆ ಇದರ ಅಗತ್ಯ ಕಡಿಮೆಯಾಗಬೇಕು. ಪುಡಿಯನ್ನೂ ಕಾಯಂ ಅಂದುಕೊಳ್ಳಬೇಡಿ. ಮೂರು ನಾಲ್ಕು ತಿಂಗಳು ಹೊಟ್ಟೆ ನೆಮ್ಮದಿಯಾಗಿದ್ದರೆ ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಿ ನೋಡಿ. ಕೆಲವರಿಗೆ ಪೂರ್ತಿ ಬಿಡಲು ಆಗುತ್ತದೆ, ಕೆಲವರಿಗೆ ಹೊರಗೆ ಊಟ ಇದ್ದ ದಿನ ಮಾತ್ರ ಬೇಕಾಗುತ್ತದೆ, ಇನ್ನು ಕೆಲವರು ದಿನಾ ಅರ್ಧ ಪ್ಯಾಕೆಟ್‌ನಲ್ಲಿ ಆರಾಮಾಗಿರುತ್ತಾರೆ.